ಸಾಲಿನಲ್ಲಿ ನಿಲ್ಲಲಾರದವರ ಹಕ್ಕು



ಮನೆಮಠ ಕಳೆದುಕೊಂಡು ಬಂದವರಿಗೆ ನೆರವು ನೀಡುವುದು ಪುಣ್ಯಕಾರ್ಯವೆಂಬುದನ್ನು ನಿಮಗೆ ಯಾರೂ ಹೊಸದಾಗಿ ತಿಳಿಸಬೇಕಾಗಿಲ್ಲ. ನೆರೆ ಬಂದಾಗ, ಭೂಮಿ ನಡುಗಿದಾಗ, ಗಲಭೆಗೆ ಹೆದರಿ ಜನರು ಊರು ಬಿಟ್ಟಾಗ ನಿಮ್ಮ ಮನೆಯಿಂದಲೂ ಒಂದಿಷ್ಟು ಅಕ್ಕಿ, ಒಂದೆರಡು ಕಂಬಳಿ, ಕೈಲಾದಷ್ಟು ಹಣ ಹೋಗಿರುತ್ತದೆ. ಆದರೆ ಹಾಗೆ ಹೋದದ್ದು ಯಾರ ಕೈ ಸೇರಿತೆಂದು ನಾವು ವಿಚಾರಿಸಿದ್ದೇವೆಯೇ? ಸಾಲಿನಲ್ಲಿ ನಿಂತು ಕೈಚಾಚಬಲ್ಲವನಿಗೆ ಅದು ಸೇರಿತು. ಸಾಲಿನ ತನಕ ನಡೆದು ಬರಲಾರದವನ ಗತಿಯೇನು? ಅವನಿಗೆ ಸಿಗದೆ ಹೋದರೆ ಅದರ ಹೊಣೆ ಅವನ ದೌರ್ಬಲ್ಯದ್ದೇ ಅಥವಾ ನಮ್ಮದೇ? ಈ ಪ್ರಶ್ನೆ ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿದೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನೇ ಮೊದಲು ನಿಮ್ಮ ಮುಂದಿಡುತ್ತೇನೆ.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬೆಟ್ಟಗಳು ಕುಸಿದುದು ನಿಮಗೆ ನೆನಪಿರಬಹುದು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆಗಳಲ್ಲಿ ಮನೆ, ತೋಟ, ರಸ್ತೆಗಳು ಮಣ್ಣಿನಡಿ ಸೇರಿದವು. ಸಾವಿರಾರು ಜನರು ಶಾಲೆಗಳಲ್ಲಿ, ಸಭಾಭವನಗಳಲ್ಲಿ ತೆರೆದ ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆದರು. ನಮ್ಮ ಹಾಸನದ ಸುತ್ತಲ ಹಳ್ಳಿಗಳಲ್ಲಿಯೂ ಸಾಮಾನು ಸಂಗ್ರಹ ನಡೆಯಿತು. ದೊಡ್ಡಗದ್ದವಳ್ಳಿಯ ಕೆರೆಯ ಹತ್ತಿರ, ಹೊಯ್ಸಳರ ಕಾಲದ ಲಕ್ಷ್ಮೀದೇವಿ ದೇವಾಲಯ ನೋಡಲು ಬರುವವರ ವಾಹನಗಳು ನಿಲ್ಲುವ ಕಡೆಯಲ್ಲಿ ನಾವು ಒಂದು ಲಾರಿ ನಿಲ್ಲಿಸಿದೆವು. ಹಿಂದೂ ಮುಸ್ಲಿಮ್ ಎನ್ನದೆ ಜನರು ಅಕ್ಕಿ, ಆಲೂಗಡ್ಡೆ, ಬಟ್ಟೆ ತಂದು ಹೇರಿದರು. ನನ್ನ ಮದ್ರಸದ ದೊಡ್ಡ ಹುಡುಗರು ಚೀಲಗಳನ್ನು ಎಣಿಸಿ ಬರೆದುಕೊಂಡರು. ಅರಕಲಗೂಡಿನ ಮಾರ್ಗವಾಗಿ ನಾವು ಕೊಡಗಿಗೆ ಹೋದೆವು.

ಕೇಂದ್ರದಲ್ಲಿ ವಿತರಣೆಯ ಜವಾಬ್ದಾರಿ ನನಗೆ ಬಂತು. ಗದ್ದಲವಾಗಬಾರದೆಂದು ನಾನೊಂದು ನಿಯಮ ಮಾಡಿದೆ: ಸಾಲಿನಲ್ಲಿ ನಿಂತವರಿಗೆ ತಲೆಗೊಂದು ಪೊಟ್ಟಣ, ಒಬ್ಬರ ಪಾಲನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಇದಕ್ಕಿಂತ ಮಿಗಿಲಾದ ನ್ಯಾಯ ಯಾವುದಿದೆ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಸಂಜೆಯ ಹೊತ್ತಿಗೆ ಲಾರಿ ಖಾಲಿಯಾಯಿತು. ಆಗ ನಮ್ಮ ಹುಡುಗನೊಬ್ಬ ಬಂದು, ಕಡೆಯ ಕೋಣೆಯಲ್ಲಿ ಒಬ್ಬ ಅಜ್ಜ ಮಲಗಿದ್ದಾರೆ, ಅವರಿಗೆ ಏನೂ ಸಿಕ್ಕಿಲ್ಲ ಎಂದ. ಹೋಗಿ ನೋಡಿದೆ. ಎಂಬತ್ತರ ಆಸುಪಾಸಿನವರು. ಗೋಡೆಗೆ ಒರಗಿ ಕುಳಿತಿದ್ದರು. ಅವರ ಸೊಸೆ ಸಾಲಿಗೆ ಬಂದು ಎರಡು ಪೊಟ್ಟಣ ಕೇಳಿದ್ದಳಂತೆ. ನಿಯಮದಂತೆ ಒಂದನ್ನೇ ಕೊಟ್ಟಿದ್ದೆವು. ಕೊಟ್ಟವನು ಬೇರೆ ಯಾರೂ ಅಲ್ಲ, ನಾನೇ.

ನಾನು ಕ್ಷಮೆ ಕೇಳಿ, ನಿಮಗೆ ಏನು ಬೇಕು ಎಂದು ವಿಚಾರಿಸಿದೆ. ಅವರು ಅಕ್ಕಿ ಕೇಳಲಿಲ್ಲ. ಕಂಬಳಿ ಕೇಳಲಿಲ್ಲ. ಊರುಗೋಲು ಬೇಕು ಎಂದರು. ಅವರ ಕೋಲು ಮನೆಯ ಜೊತೆಗೇ ಮಣ್ಣಿನಡಿ ಹೋಗಿತ್ತು. ಕೋಲಿಲ್ಲದೆ ಅಂಗಳ ದಾಟಿ ಶೌಚಾಲಯಕ್ಕೆ ಹೋಗಲಾರರು. ಪ್ರತಿ ಸಲವೂ ಸೊಸೆಯನ್ನು ಕರೆಯಲು ನಾಚಿಕೆ. ಆದ್ದರಿಂದ ಮೂರು ದಿನಗಳಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ನಾವು ಒಂದು ಲಾರಿ ತುಂಬ ಸಾಮಾನು ತಂದಿದ್ದೆವು. ಅದರಲ್ಲಿ ಒಂದೇ ಒಂದು ಕೋಲು ಇರಲಿಲ್ಲ.

ಸಮಾನತೆಯೇ ನ್ಯಾಯವೇ?

ವಾಚಕರೇ, ಆ ದಿನ ನಾನು ಯಾರಿಗೂ ಮೋಸ ಮಾಡಲಿಲ್ಲ. ಎಲ್ಲರಿಗೂ ಸಮಾನವಾಗಿ ಹಂಚಿದೆ. ಹಾಗಾದರೆ ತಪ್ಪು ಎಲ್ಲಿ ಆಯಿತು? ನನ್ನ ಸಮಾನತೆಯು ನಡೆಯಬಲ್ಲವರ, ಕೇಳಬಲ್ಲವರ, ನಿಲ್ಲಬಲ್ಲವರ ನಡುವಿನ ಸಮಾನತೆಯಾಗಿತ್ತು. ಉಳಿದವರು ನನ್ನ ಲೆಕ್ಕದ ಹೊರಗಿದ್ದರು. ಬಂದವರಿಗೆಲ್ಲ ಕೊಟ್ಟೆ ಎಂದೆನೇ ಹೊರತು, ಬಾರದವರು ಏಕೆ ಬರಲಿಲ್ಲವೆಂದು ಕೇಳಲಿಲ್ಲ.

ಮದ್ರಸದಲ್ಲಿ ಮಕ್ಕಳಿಗೆ ನಮಾಝಿನ ಪಾಠ ಹೇಳುವ ನನಗೆ ಇದು ಮೊದಲೇ ಹೊಳೆಯಬೇಕಾಗಿತ್ತು. ದೀರ್ಘವಾಗಿ ಕುರ್‌ಆನ್ ಪಾರಾಯಣ ಮಾಡಿ ಜನರನ್ನು ದಣಿಸಿದ ಇಮಾಮರ ಬಗ್ಗೆ ದೂರು ಬಂದಾಗ ಪ್ರವಾದಿವರ್ಯರು(ಸ) ತೀವ್ರವಾಗಿ ಅಸಮಾಧಾನಗೊಂಡರು. ಹಿಂದೆ ನಿಂತವರಲ್ಲಿ ವೃದ್ಧರೂ ದುರ್ಬಲರೂ ಇರುತ್ತಾರೆ, ಆದ್ದರಿಂದ ನಮಾಝನ್ನು ಹಗುರಗೊಳಿಸಬೇಕು ಎಂದು ಆದೇಶಿಸಿದರು. ಹ. ಉಸ್ಮಾನ್ ಬಿನ್ ಅಬಿಲ್ ಆಸ್(ರ)ರನ್ನು ಇಮಾಮರಾಗಿ ನೇಮಿಸಿದಾಗ, ಜಮಾಅತ್‌ನಲ್ಲಿ ಅತ್ಯಂತ ದುರ್ಬಲನಾದವನನ್ನೇ ಅಳತೆಯಾಗಿ ಇಟ್ಟುಕೊಳ್ಳುವಂತೆ ತಿಳಿಸಿದರು. ನೂರು ಮಂದಿ ಬಲಶಾಲಿಗಳ ನಡುವೆ ಒಬ್ಬ ಮುದುಕನಿದ್ದರೆ, ಆ ನೂರು ಮಂದಿಯ ರುಕೂಅ್, ಸುಜೂದ್‌ಗಳ ಉದ್ದವನ್ನು ನಿರ್ಧರಿಸುವವನು ಆ ಮುದುಕ! ನಿಂತು ನಮಾಝ್ ಮಾಡಲಾಗದವನು ಕುಳಿತು ಮಾಡಬೇಕು, ಕುಳಿತುಕೊಳ್ಳಲೂ ಆಗದವನು ಮಲಗಿ ಮಾಡಬೇಕು ಎಂಬ ವಿಧಿ ನಮ್ಮ ಮಕ್ಕಳಿಗೂ ಗೊತ್ತಿದೆ. ಅಲ್ಲಾಹನು ತನಗೆ ಸಲ್ಲಬೇಕಾದ ಕಡ್ಡಾಯ ಆರಾಧನೆಯಲ್ಲಿಯೇ ಇಷ್ಟು ರಿಯಾಯಿತಿ ನೀಡಿರುವಾಗ, ಒಂದು ಪೊಟ್ಟಣ ಅಕ್ಕಿಗಾಗಿ ನಿಂತೇ ತೀರಬೇಕೆಂದು ಹೇಳಲು ನಾನು ಯಾರು?

ವಿನಾಯಿತಿ ಯಾರಿಗೆ, ಹೊಣೆ ಯಾರಿಗೆ?

ಸೂರಃ ಅನ್ನಿಸಾದಲ್ಲಿ ಹಿಜ್ರತ್‌ನ ಪ್ರಸ್ತಾಪವಿದೆ. ಮರ್ದನ ನಡೆಯುವ ನಾಡಿನಿಂದ ಹೊರಟು ಹೋಗುವ ಸಾಮರ್ಥ್ಯವಿದ್ದೂ ಹೋಗದವರನ್ನು ಅಲ್ಲಿ ಕಟುವಾಗಿ ಎಚ್ಚರಿಸಲಾಗಿದೆ. ಆದರೆ ದಾರಿಯೂ ತೋಚದ, ಉಪಾಯವೂ ಇಲ್ಲದ ದುರ್ಬಲ ಪುರುಷರು, ಸ್ತ್ರೀಯರು, ಮಕ್ಕಳಿಗೆ ವಿನಾಯಿತಿ ನೀಡಲಾಗಿದೆ. ಇದನ್ನು ಓದಿದ ಕೆಲವರು ಹೀಗೆ ಭಾವಿಸಬಹುದು: ಮುದುಕರೂ ಅಂಗವಿಕಲರೂ ಇದ್ದಲ್ಲಿಯೇ ಇರಲಿ, ಅವರನ್ನು ಅಲ್ಲಾಹನೇ ಮನ್ನಿಸಿದ್ದಾನೆ. ಇದು ಅರ್ಧ ಓದು. ಅದೇ ಸೂರಃದಲ್ಲಿ ಸ್ವಲ್ಪ ಮುಂಚೆ, ಬಿಡುಗಡೆಗಾಗಿ ಮೊರೆಯಿಡುತ್ತಿರುವ ಅದೇ ದುರ್ಬಲ ಪುರುಷರು, ಸ್ತ್ರೀಯರು, ಮಕ್ಕಳಿಗಾಗಿ ನೀವು ಏಕೆ ಮುಂದೆ ಬರುತ್ತಿಲ್ಲವೆಂದು ಶಕ್ತರನ್ನು ಪ್ರಶ್ನಿಸಲಾಗಿದೆ. ಆ ವಚನದ ಸಂದರ್ಭ ಯುದ್ಧದ್ದು ನಿಜ. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ದುರ್ಬಲನ ಹೆಗಲಿನಿಂದ ಇಳಿಸಿದ ಹೊರೆ ಮಾಯವಾಗುವುದಿಲ್ಲ. ಅದು ಶಕ್ತನ ಹೆಗಲೇರುತ್ತದೆ. ವಿನಾಯಿತಿ ಅವರಿಗೆ. ನಮಗಲ್ಲ.

ವಿನಾಯಿತಿ ಇದೆಯೆಂದು ಎಲ್ಲ ದುರ್ಬಲರೂ ಇದ್ದಲ್ಲಿಯೇ ಇರಬಯಸುತ್ತಾರೆಂದೂ ಅಲ್ಲ. ಮಕ್ಕಾದಲ್ಲಿ ಉಳಿದಿದ್ದ ಒಬ್ಬ ಕಾಯಿಲೆಯ ವೃದ್ಧರ ಘಟನೆಯನ್ನು ಕುರ್‌ಆನ್ ವ್ಯಾಖ್ಯಾನಕಾರರು ಹೇಳುತ್ತಾರೆ. ಅವರ ಹೆಸರನ್ನು ಕೆಲವರು ಝಮ್ರಃ ಎಂದೂ ಕೆಲವರು ಜುಂದುಬ್ ಎಂದೂ ಉಲ್ಲೇಖಿಸಿದ್ದಾರೆ. ಅವರು ತನ್ನನ್ನು ಹೊತ್ತು ಮದೀನಾಕ್ಕೆ ಸಾಗಿಸುವಂತೆ ಮಕ್ಕಳಿಗೆ ಹೇಳಿದರು. ಮಕ್ಕಳು ಮಂಚದ ಮೇಲೆ ಹೊತ್ತು ಹೊರಟರು. ಮಕ್ಕಾದ ಅಂಚಿನ ತನ್‌ಈಮ್ ತಲುಪುವಷ್ಟರಲ್ಲಿ ಅವರು ಕೊನೆಯುಸಿರೆಳೆದರು. ಮನೆಯಿಂದ ಹೊರಟು ದಾರಿಯಲ್ಲಿ ಮರಣ ಹೊಂದಿದವನ ಪ್ರತಿಫಲ ಅಲ್ಲಾಹನ ಬಳಿ ಖಚಿತವೆಂಬ ವಚನ ಅವತೀರ್ಣವಾದುದು ಈ ಸಂದರ್ಭದಲ್ಲಿ. ಸಾವಿರದ ನಾನೂರು ವರ್ಷಗಳ ಬಳಿಕ, 2017ರಲ್ಲಿ, ಮ್ಯಾನ್ಮಾರ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿಬಂದಾಗ, ಬಿದಿರಿನ ಕೋಲಿಗೆ ಬುಟ್ಟಿ ಕಟ್ಟಿ ಅದರಲ್ಲಿ ತಾಯ್ತಂದೆಯರನ್ನು ಕೂರಿಸಿ ಕೆಸರಿನಲ್ಲಿ ಹೊತ್ತು ತಂದ ಮಕ್ಕಳ ಚಿತ್ರಗಳನ್ನು ನಾವೆಲ್ಲ ಕಂಡಿದ್ದೇವೆ. ಹೊರಲು ಮಕ್ಕಳಿಲ್ಲದವರ ಚಿತ್ರವನ್ನು ಯಾರೂ ತೆಗೆಯಲಿಲ್ಲ.

ಹಿಂದೆ ಉಳಿದವರ ವೇದನೆಗೂ ನಮ್ಮ ಚರಿತ್ರೆಯಲ್ಲಿ ಸಾಕ್ಷಿಯಿದೆ. ಹ. ಅಬೂಬಕರ್(ರ) ಪ್ರವಾದಿವರ್ಯರ(ಸ) ಜೊತೆ ಮಕ್ಕಾದಿಂದ ಹೊರಟಾಗ ಮನೆಯಲ್ಲಿದ್ದ ಐದಾರು ಸಾವಿರ ದಿರ್ಹಮ್‌ಗಳನ್ನೆಲ್ಲ ಜೊತೆಗೆ ಒಯ್ದಿದ್ದರು. ಅವರ ತಂದೆ ಅಬೂ ಕುಹಾಫಃ ವೃದ್ಧರು, ದೃಷ್ಟಿ ಕಳೆದುಕೊಂಡವರು, ಆಗ ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಮಗ ತಾನೂ ಹೋದ, ಹಣವನ್ನೂ ಒಯ್ದನೇ ಎಂದು ಅವರು ಕಳವಳಪಟ್ಟಾಗ ಮೊಮ್ಮಗಳು ಹ. ಅಸ್ಮಾ(ರ) ಹಣವಿಡುತ್ತಿದ್ದ ಗೂಡಿನಲ್ಲಿ ಕಲ್ಲುಗಳನ್ನಿಟ್ಟು, ಮೇಲೆ ಬಟ್ಟೆ ಹೊದಿಸಿ, ಅಜ್ಜನ ಕೈಯನ್ನು ಅದರ ಮೇಲಿಟ್ಟರು. ಅವರಿಗೆ ಸಮಾಧಾನವಾಯಿತು. ಆ ಗೂಡಿನಲ್ಲಿ ಏನೂ ಇರಲಿಲ್ಲ, ಮುದುಕರ ಮನಸ್ಸಿಗೆ ನೆಮ್ಮದಿ ನೀಡುವುದಷ್ಟೇ ತನ್ನ ಉದ್ದೇಶವಾಗಿತ್ತು ಎಂದು ಅವರೇ ಮುಂದೆ ಹೇಳಿದ್ದಾರೆ. ಹಿಜರಿ 8ರಲ್ಲಿ ಮಕ್ಕಾ ವಿಜಯವಾದಾಗ ಹ. ಅಬೂಬಕರ್(ರ) ತಂದೆಯನ್ನು ಕೈಹಿಡಿದು ಪ್ರವಾದಿವರ್ಯರ(ಸ) ಸನ್ನಿಧಿಗೆ ಕರೆತಂದರು. ಆಗ ಪ್ರವಾದಿವರ್ಯರು(ಸ), ಹಿರಿಯರನ್ನು ಮನೆಯಲ್ಲಿಯೇ ಇರಗೊಡಬಾರದಿತ್ತೇ, ನಾನೇ ಅವರ ಬಳಿಗೆ ಬರುತ್ತಿದ್ದೆ ಎಂಬರ್ಥದ ಮಾತನ್ನಾಡಿದರು. ಹತ್ತು ಸಾವಿರ ಮಂದಿಯ ಸೇನೆಯೊಂದಿಗೆ ನಗರವನ್ನು ಪ್ರವೇಶಿಸಿದ ದಿನ ಆಡಿದ ಮಾತು ಅದು. ಪೊಟ್ಟಣ ಹಂಚುತ್ತಿದ್ದ ನಾನು ಆ ಕಡೆಯ ಕೋಣೆಯ ತನಕ ನಡೆಯಲಿಲ್ಲ.

ಎರಡು ಆಕ್ಷೇಪಗಳು

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಎರಡನ್ನೂ ನಾನು ಒಳ್ಳೆಯವರ ಬಾಯಿಂದಲೇ ಕೇಳಿದ್ದೇನೆ.

ಮೊದಲನೆಯದು: ಇರುವುದೇ ಸ್ವಲ್ಪ, ಅದನ್ನು ಮಕ್ಕಳಿಗೂ ಯುವಕರಿಗೂ ಕೊಡೋಣ, ಅವರಿಂದ ನಾಳೆ ಉಂಟು, ಮುದುಕರಿಂದ, ಅಂಗವಿಕಲರಿಂದ ಏನು ಪ್ರಯೋಜನ? ಇದು ವ್ಯಾಪಾರದ ಲೆಕ್ಕ. ವೀರರಾದ ಹ. ಸಅದ್(ರ)ರಿಗೆ ತಾನು ಇತರರಿಗಿಂತ ಮೇಲೆಂಬ ಭಾವನೆ ಬಂದಾಗ ಪ್ರವಾದಿವರ್ಯರು(ಸ) ಅದನ್ನು ತಿದ್ದಿದರು. ನಮಗೆ ಸಹಾಯವೂ ಜೀವನಾಧಾರವೂ ದೊರೆಯುತ್ತಿರುವುದು ನಮ್ಮ ನಡುವಿನ ದುರ್ಬಲರ ಕಾರಣದಿಂದ ಎಂದು ಕಲಿಸಿದರು. ಇನ್ನು ಪ್ರಯೋಜನದ ಮಾತು. ಹ. ಇಬ್ನು ಉಮ್ಮಿ ಮಕ್ತೂಮ್(ರ) ಅಂಧರು. ಮದೀನಾಕ್ಕೆ ಮೊದಲು ಹಿಜ್ರತ್ ಹೋದವರಲ್ಲಿ ಒಬ್ಬರು. ಅಲ್ಲಿನವರಿಗೆ ಕುರ್‌ಆನ್ ಕಲಿಸಿದರು, ಅಝಾನ್ ನೀಡಿದರು. ಪ್ರವಾದಿವರ್ಯರು(ಸ) ಯಾತ್ರೆಗೆ ಹೊರಟಾಗ ಹಲವು ಬಾರಿ ಮದೀನಾದ ಉಸ್ತುವಾರಿಯನ್ನು ಅವರಿಗೇ ವಹಿಸಿದರು. ಅವರು ನಿರಾಶ್ರಿತರಾಗಿ ಬಂದವರು, ಕಣ್ಣಿಲ್ಲದವರು, ಆದರೂ ನಗರಕ್ಕೆ ಆಸರೆಯಾದರು. ಹೋರಾಟಕ್ಕೆ ಹೊರಟವರೂ ಮನೆಯಲ್ಲಿ ಕುಳಿತವರೂ ಸಮಾನರಲ್ಲವೆಂಬ ವಚನ ಅವತೀರ್ಣವಾದಾಗ ಅವರು ತನ್ನ ಅಸಹಾಯಕತೆಯನ್ನು ತೋಡಿಕೊಂಡರು. ಒಡನೆಯೇ, ಅಂಗನ್ಯೂನತೆಯುಳ್ಳವರ ಹೊರತು ಎಂಬ ಅರ್ಥದ ಪದಗಳು ಅವತೀರ್ಣವಾಗಿ ಆ ವಚನಕ್ಕೆ ಸೇರಿದವು. ಅಂಧರೊಬ್ಬರ ಅಹವಾಲಿಗೆ ಅರ್ಶ್‌ನಿಂದ ಉತ್ತರ ಬಂದಿರುವಾಗ ನಮ್ಮ ಪರಿಹಾರ ಸಮಿತಿಯ ಸಭೆಯಲ್ಲಿ ಅಂತಹವರೊಬ್ಬರಿಗೂ ಕುರ್ಚಿಯಿಲ್ಲದಿರುವುದು ನಾಚಿಕೆಯ ವಿಷಯವಲ್ಲವೇ?

ಎರಡನೆಯದು: ಬಂದವರು ನಮ್ಮವರಲ್ಲ, ನಮ್ಮ ಧರ್ಮದವರಲ್ಲ. ಆಶ್ರಯ ಬೇಡಿದ ಬಹುದೇವಾರಾಧಕನಿಗೂ ಆಶ್ರಯ ನೀಡಿ, ಅವನನ್ನು ಸುರಕ್ಷಿತ ಸ್ಥಳಕ್ಕೆ ತಲುಪಿಸಬೇಕೆಂದು ಸೂರಃ ಅತ್ತೌಬಃದಲ್ಲಿ ಆದೇಶವಿದೆ. ತಲುಪಿಸುವುದೆಂದರೆ, ನಡೆಯಲಾರದವನನ್ನು ಹೊತ್ತಾದರೂ ತಲುಪಿಸುವುದೇ. ನಾವೂ ಒಮ್ಮೆ ಅನ್ಯರ ಆಶ್ರಯದಲ್ಲಿ ಬದುಕಿದವರು. ಕ್ರಿ.ಶ. 615ರಲ್ಲಿ ಮಕ್ಕಾದ ಪೀಡಿತ ಮುಸ್ಲಿಮರಿಗೆ ಬಾಗಿಲು ತೆರೆದವರು ಅಬಿಸೀನಿಯಾದ ಕ್ರೈಸ್ತ ದೊರೆ. ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಮುದಿ, ಅಂಧ ಯಹೂದಿಯನ್ನು ಹ. ಉಮರ್(ರ) ಕಂಡ ಘಟನೆಯನ್ನು ಇಮಾಮ್ ಅಬೂ ಯೂಸುಫ್ ದಾಖಲಿಸಿದ್ದಾರೆ. ಖಲೀಫರು ಆತನನ್ನು ಮನೆಗೆ ಕರೆದೊಯ್ದು ನೆರವಾದರು. ಯೌವನದಲ್ಲಿ ಅವನಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ಹೇಳಿ, ಅಂತಹವರ ತೆರಿಗೆ ಮನ್ನಾ ಮಾಡಿಸಿ, ಬೈತುಲ್‌ಮಾಲ್‌ನಿಂದ ಸಹಾಯ ಗೊತ್ತುಪಡಿಸಿದರು. ಝಕಾತ್ ಯಾರಿಗೆ ಸಲ್ಲುತ್ತದೆ ಎಂಬ ಬಗ್ಗೆ ಫಿಕ್‌ಹ್‌ನ ಚರ್ಚೆಗಳಿವೆ, ಅದನ್ನು ನಿಮ್ಮೂರಿನ ಉಲಮಾಗಳಲ್ಲಿ ಕೇಳಿಕೊಳ್ಳಿ. ಆದರೆ ಸದಕಾಕ್ಕೆ ಅಂತಹ ಗೋಡೆಗಳಿಲ್ಲ.

ನಮ್ಮ ನೆರೆಯಲ್ಲಿ

ನಿರಾಶ್ರಿತರೆಂದರೆ ದೂರದ ಸಿರಿಯಾ, ಸುಡಾನ್‌ಗಳ ಮಾತೆಂದು ತಿಳಿಯಬೇಡಿ. ನಮ್ಮ ಜಿಲ್ಲೆಯಲ್ಲೇ 1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಅಣೆಕಟ್ಟಿನ ನೀರಿಗೆ ಊರು ಬಿಟ್ಟುಕೊಟ್ಟವರಿದ್ದಾರೆ. ಕುಶಾಲನಗರದ ಪಕ್ಕದ ಬೈಲಕುಪ್ಪೆಗೆ ನಿಮ್ಮಲ್ಲಿ ಅನೇಕರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೀರಿ, ಅಲ್ಲಿನ ಸುವರ್ಣ ಮಂದಿರವನ್ನು ನೋಡಿ ಬಂದಿದ್ದೀರಿ. 1959ರಲ್ಲಿ ಟಿಬೆಟ್ ತೊರೆದವರಿಗೆ ಅಂದಿನ ಮೈಸೂರು ರಾಜ್ಯವು ಕಾಡುಭೂಮಿ ನೀಡಿದ್ದರಿಂದ 1960-61ರಲ್ಲಿ ಆ ಶಿಬಿರ ಹುಟ್ಟಿತು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ಶಿಬಿರಗಳಾದವು. ಹಿಮದ ನಾಡಿನಿಂದ ಬಂದವರು ಇಲ್ಲಿನ ಸೆಖೆಯಲ್ಲಿ ಕಾಡು ಕಡಿದು ಜೋಳ ಬೆಳೆದರು. ಟಿಬೆಟ್‌ನಿಂದ ಹೊರಬಂದವರಲ್ಲಿ ಮುಸ್ಲಿಮರೂ ಇದ್ದರು. ಅವರಲ್ಲಿ ಬಹಳ ಮಂದಿ ಶ್ರೀನಗರದಲ್ಲಿ ನೆಲೆಸಿದರು.

ಅಂದು ಇಪ್ಪತ್ತರ ಹರೆಯದಲ್ಲಿ ಬೆಟ್ಟ ದಾಟಿದವರು ಇಂದು ಎಂಬತ್ತೈದು ದಾಟಿದ್ದಾರೆ. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಬೆಂಗಳೂರಿಗೂ ಅಮೇರಿಕ, ಕೆನಡಾಗಳಿಗೂ ಹೊರಟು ಹೋಗಿದ್ದಾರೆ. ಒಮ್ಮೆ ನಾಡನ್ನು ಕಳೆದುಕೊಂಡವರು ಮುಪ್ಪಿನಲ್ಲಿ ಮನೆಯ ಮಂದಿಯನ್ನೂ ಅಗಲಿ ಕುಳಿತಿದ್ದಾರೆ. ಅವರಿಗಾಗಿ ವೃದ್ಧಾಶ್ರಮಗಳಿವೆ. ಬೈಲಕುಪ್ಪೆಯಲ್ಲಿ ಅಂಗವಿಕಲ ಮಕ್ಕಳಿಗಾಗಿ ಕರುಣಾ ಹೋಮ್ ಎಂಬ ಸಂಸ್ಥೆಯೂ ಇದೆ. ಸುವರ್ಣ ಮಂದಿರದ ಚಿತ್ರ ತೆಗೆದು ಬರುವ ನಾವು ಒಮ್ಮೆಯಾದರೂ ಆ ಕಡೆ ಹೋಗಿ, ಅಜ್ಜಾ, ಅಜ್ಜೀ, ಹೇಗಿದ್ದೀರಿ ಎಂದು ಕೇಳಿದ್ದೇವೆಯೇ? ಆಶ್ರಯವೆಂದರೆ ಮೊದಲ ದಿನದ ಅನ್ನವಷ್ಟೇ ಅಲ್ಲ. ಆಶ್ರಯ ಪಡೆದವನಿಗೂ ಒಂದು ದಿನ ವಯಸ್ಸಾಗುತ್ತದೆ.

ಲೋಕದ ಲೆಕ್ಕವನ್ನೂ ಸ್ವಲ್ಪ ನೋಡಿ. ವಿಶ್ವಸಂಸ್ಥೆಯ ನಿರಾಶ್ರಿತರ ಆಯೋಗದ ಪ್ರಕಾರ 2024ರ ಅಂತ್ಯಕ್ಕೆ ಬಲವಂತವಾಗಿ ನೆಲೆ ಕಳೆದುಕೊಂಡವರು ಸುಮಾರು 12 ಕೋಟಿ 30 ಲಕ್ಷ. ಲೋಕದ ಆರು ಜನರಲ್ಲಿ ಒಬ್ಬರಿಗೆ ಗಣನೀಯವಾದ ಅಂಗವೈಕಲ್ಯವಿದೆಯೆಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಹಾಗಿರುವಾಗ ಯಾವ ಶಿಬಿರದಲ್ಲೂ ಅಂತಹವರು ಇಲ್ಲದಿರಲು ಸಾಧ್ಯವಿಲ್ಲ. ನಮಗೆ ಕಾಣದಿದ್ದರೆ ಅವರು ಕಡೆಯ ಕೋಣೆಯಲ್ಲಿದ್ದಾರೆ ಎಂದೇ ಅರ್ಥ. ನಿರಾಶ್ರಿತರ ಕುರಿತಾದ 1951ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿಲ್ಲ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಕಲಮು, ವಿಪತ್ತು, ಸಂಘರ್ಷಗಳ ಸಂದರ್ಭದಲ್ಲಿ ವಿಕಲಚೇತನರಿಗೆ ಸಮಾನ ರಕ್ಷಣೆ ನೀಡಬೇಕೆನ್ನುತ್ತದೆ. ಜಿಲ್ಲೆಯಲ್ಲಿರುವ ಅಂತಹವರ ವಿವರ ಇಟ್ಟುಕೊಳ್ಳುವುದನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕರ್ತವ್ಯವಾಗಿಸಿದೆ. ಅದು ಕಾನೂನಿನ ಹೊಣೆ. ನಮ್ಮ ಮೊಹಲ್ಲಾದ ಹೊಣೆ ನಮ್ಮದು.

ನಾವು ಏನು ಮಾಡಬಹುದು?

ಪ್ರತಿಯೊಂದು ಜಮಾಅತ್‌ನಲ್ಲೂ ಒಂದು ಪುಸ್ತಕವಿರಲಿ. ಯಾವ ಮನೆಯಲ್ಲಿ ನಡೆಯಲಾರದವರಿದ್ದಾರೆ, ಕಣ್ಣು ಕಾಣದವರು, ಕಿವಿ ಕೇಳದವರು, ಒಂಟಿ ವೃದ್ಧರು ಇದ್ದಾರೆ, ಅವರು ಸೇವಿಸುವ ಔಷಧಿ ಯಾವುದು ಎಂಬುದನ್ನು ಜಾತಿಮತ ಭೇದವಿಲ್ಲದೆ ಬರೆದಿಡಿ. ನೆರೆ ಬಂದ ರಾತ್ರಿ ಅವರ ಮನೆಯ ಬಾಗಿಲನ್ನು ಮೊದಲು ತಟ್ಟಬೇಕು. ಪರಿಹಾರ ಕೇಂದ್ರಕ್ಕೆ ಹೋದಾಗ ಸಾಲು ನಿಲ್ಲಿಸುವ ಮುನ್ನ ಕೋಣೆಕೋಣೆಗೆ ಹೋಗಿ ಬನ್ನಿ. ಏನು ಬೇಕೆಂದು ಅವರನ್ನೇ ಕೇಳಿ, ಜೊತೆಯಲ್ಲಿರುವವರನ್ನಲ್ಲ. ಅಕ್ಕಿಯ ಜೊತೆ ಕೋಲು, ಕನ್ನಡಕ, ವಯಸ್ಕರ ಬಟ್ಟೆ, ಮಂದವಾದ ಹಾಸಿಗೆಯನ್ನೂ ಒಯ್ಯಿರಿ. ಪ್ರಕಟಣೆಗಳನ್ನು ಕೂಗಿದರೆ ಸಾಲದು, ದೊಡ್ಡ ಅಕ್ಷರಗಳಲ್ಲಿ ಬರೆದೂ ಹಾಕಿ. ಅವರನ್ನು ನೋಡಿಕೊಳ್ಳುವವರಿಂದ ಅವರನ್ನು ಬೇರ್ಪಡಿಸಬೇಡಿ. ಶೌಚಾಲಯಕ್ಕೆ ಹತ್ತಿರದ ಕೋಣೆಯನ್ನು ಅವರಿಗೆ ಬಿಟ್ಟುಕೊಡಿ. ಕೊಡುವಾಗ ಫೋಟೋ ತೆಗೆಯಬೇಡಿ; ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕೆಂಬ ಪಾಠ ಮೊಬೈಲ್ ಫೋನಿಗೂ ಅನ್ವಯಿಸುತ್ತದೆ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಕಾಗಿಲ್ಲ. ಬೇಕಾದದ್ದು ಎದ್ದು ಹೋಗಿ ನೋಡುವ ಮನಸ್ಸು ಮಾತ್ರ.

ಆ ಸಂಜೆ ನಮ್ಮ ಹುಡುಗ ಶಾಲೆಯ ಹಿಂದಿನ ಸೀಬೆ ಗಿಡದಿಂದ ಒಂದು ಕೊಂಬೆ ಕಡಿದು, ಗೆಣ್ಣುಗಳನ್ನು ಸವರಿ, ಹಿಡಿಗೆ ಬಟ್ಟೆ ಸುತ್ತಿ ತಂದ. ಅಜ್ಜ ಅದನ್ನು ಊರಿಕೊಂಡು ಎದ್ದು ನಿಂತರು, ತಾವಾಗಿಯೇ ಅಂಗಳ ದಾಟಿದರು. ಹಿಂದಿರುಗಿ ಬಂದು ಕುಳಿತು ಒಂದು ಲೋಟ ನೀರು ಕೇಳಿ ಕುಡಿದರು. ಅಂದು ನಾವು ಹಂಚಿದ ಎಲ್ಲವನ್ನೂ ಪಟ್ಟಿಯಲ್ಲಿ ಬರೆದಿದ್ದೆವು. ಆ ಕೋಲನ್ನು ಬರೆದಿರಲಿಲ್ಲ. ಅಲ್ಲಾಹನ ಬಳಿಯಿರುವ ಪಟ್ಟಿಯಲ್ಲಿ ಅದು ಆ ಹುಡುಗನ ಹೆಸರಿನಲ್ಲಿ ಇರುವುದೆಂದು ನನ್ನ ನಂಬಿಕೆ. ನನ್ನ ಹೆಸರಿನಲ್ಲಿ ಏನಿದೆಯೆಂಬುದನ್ನು ನೆನೆದರೆ ಭಯವಾಗುತ್ತದೆ.

ದುರ್ಬಲರನ್ನು ಕಾಣುವ ಕಣ್ಣನ್ನೂ, ಅವರ ಬಾಗಿಲ ತನಕ ನಡೆಯುವ ಕಾಲನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ನಮ್ಮ ಕಣ್ಣು ಮಂಜಾಗಿ, ಕಾಲು ಸೋತ ದಿನ ನಮ್ಮನ್ನು ಹುಡುಕಿ ಬರುವವರನ್ನು ಕಳುಹಿಸಲಿ. ಆಮೀನ್.